ಮೊಣಕಾಲು ತೋರಿಸಲು ಹೋಗಿ ಮೂಗಿಗೆ ಮಶಿನ್: ಸಿಪ್ಯಾಪ್ ಜೊತೆ 2 ವರ್ಷ 4 ತಿಂಗಳು

ಮಶಿನ್‌ಗೆ ನಾಲ್ಕೂವರೆ ಸ್ಟಾರ್. ಮೊದಲು ಕೊಟ್ಟ ಮಾಸ್ಕ್‌ಗೆ ಒಂದು. ಮಾರಿದ ಅಂಗಡಿಗೆ ಒಂದೂವರೆ, ಅದೂ ಚಹಾ ಕೊಟ್ಟರು ಅಂತ.

ನಾನು ಬಾಗಲಕೋಟೆ ನವನಗರದವಳು. 56 ವರ್ಷ, ಹೈಸ್ಕೂಲ್ ಟೀಚರ್. ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿಯಿಡೀ ಮಾಸ್ಕ್‌ನಿಂದ ಗಾಳಿ ಒತ್ತುವ ಮಶಿನ್. ಇದು ಬೇಕು ಅಂತ ಹುಡುಕಿಕೊಂಡು ಹೋದವಳಲ್ಲ. ಬಲ ಮೊಣಕಾಲಿನ ಕೀಲು ಬದಲಿಸಲು ಬೆಳಗಾವಿಗೆ ಹೋಗಿದ್ದೆ, ತಾರೀಖೂ ಸಿಕ್ಕಿತ್ತು. ಅರಿವಳಿಕೆ ಡಾಕ್ಟರ್ ಒಂದು ಫಾರ್ಮ್ ಹಿಡಿದು ಕೂತರು. ಸ್ಟಾಪ್-ಬ್ಯಾಂಗ್ ಅಂತ ಅದರ ಹೆಸರು, ಎಂಟು ಪ್ರಶ್ನೆ. ಜೋರು ಗೊರಕೆಯೇ, ಹಗಲು ಸುಸ್ತೇ, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ, ಬಿಪಿ ಇದೆಯೇ. ಆಮೇಲೆ ತೂಕ, ವಯಸ್ಸು, ಕತ್ತಿನ ಸುತ್ತಳತೆ. ಕೊನೆಗೆ ಗಂಡಸೋ ಹೆಂಗಸೋ. ಗಂಡಸಾದರೆ ಒಂದು ಅಂಕ ಜಾಸ್ತಿ. ಇಲ್ಲೂ ಅವರಿಗೇ ಜಾಸ್ತಿ ನೋಡಿ.

ಗೊರಕೆ ಇಲ್ಲ ಅಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ತಡೆಯಲಿಲ್ಲ. "ಇಲ್ಲ ಅಂತಾಳ್ರೀ ಡಾಕ್ಟ್ರ. ನಾ ಪಡಸಾಲ್ಯಾಗ ಮಲಗಾಕತ್ತು ಹತ್ತ ವರ್ಷ ಆತು. ಒಮ್ಮೊಮ್ಮೆ ಗೊರಕಿ ಗಪ್ ಅಂತ ನಿಂತಬಿಡತೈತಿ. ಆವಾಗ ನನಗ ಹೆಚ್ಚ ಹೆದರಿಕಿ." ಸೆಕೆ ಅಂತ ಹೊರಗೆ ಮಲಗುತ್ತಾರೆ ಅಂದುಕೊಂಡಿದ್ದೆ ನಾನು. ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದರೆ, "ಹೆಣ್ಣಮಕ್ಕಳಿಗೆ ನೀ ಗೊರಕಿ ಹೊಡಿತಿ ಅಂತ ಹೆಂಗ ಹೇಳೂದು?" ಅಂದರು.

ನನಗೆ ಐದು ಅಂಕ ಬಂತು. ಐದು ಬಂದರೆ ಅಪಾಯ ಹೆಚ್ಚಿರುವ ಗುಂಪು. ಆಪರೇಷನ್ ಮುಂದಕ್ಕೆ ಹೋಯಿತು.

ಸಿಟ್ಟು ಬಂದದ್ದು ನಿಜ. ರಜೆ ಹಾಕಿ ಬಂದಿದ್ದೆ. ಕಾಲಿಗೂ ಗೊರಕೆಗೂ ಏನು ಸಂಬಂಧ? ಡಾಕ್ಟರ್ ಬಿಡಿಸಿ ಹೇಳಿದರು. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಇದ್ದವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಗಾಳಿಯ ದಾರಿ ಮುಚ್ಚುತ್ತದೆ. ಆಗ ಮೆದುಳು ತಟ್ಟಿ ಎಬ್ಬಿಸುತ್ತದೆ. ಅರಿವಳಿಕೆ ಮತ್ತು ಆಪರೇಷನ್ ಆದಮೇಲೆ ಕೊಡುವ ಮಾರ್ಫಿನ್ ಜಾತಿಯ ಔಷಧಿ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ, ಎಬ್ಬಿಸುವ ಮೆದುಳನ್ನೂ ಮಂಕು ಮಾಡುತ್ತವೆ. "ಮನ್ಯಾಗ ಇಷ್ಟ ದಿನ ಎದ್ದೀರಿ. ವಾರ್ಡಿನ್ಯಾಗ ಏಳದಿದ್ರ?" ಅಂದರು. ಸುಮ್ನಾದೆ.

ಸ್ಲೀಪ್ ಸ್ಟಡಿಗೆ, ಅಂದರೆ ರಾತ್ರಿ ಮಲಗಿಸಿ ನಿದ್ದೆ, ಉಸಿರು ಅಳೆಯುವ ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು: ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ವೈರ್ ಅಂಟುವುದಿಲ್ಲ. ತಲೆ, ಕಣ್ಣಿನ ಪಕ್ಕ, ಗದ್ದ, ಕಾಲು ಎಲ್ಲ ಕಡೆ ವೈರ್. ಎದೆಗೆ, ಹೊಟ್ಟೆಗೆ ಪಟ್ಟಿ. ಬೆರಳಿಗೆ ಕ್ಲಿಪ್. ಇಷ್ಟೆಲ್ಲ ಕಟ್ಟಿದರೆ ಯಾರಿಗೆ ನಿದ್ದೆ ಬರುತ್ತದೆ ಅಂತ ಕೇಳಿದೆ. ಐದೇ ನಿಮಿಷಕ್ಕೆ ಬಂತಂತೆ. ಮಧ್ಯರಾತ್ರಿ ದಾಟಿದ ಮೇಲೆ ಟೆಕ್ನಿಷಿಯನ್ ಹುಡುಗ ಬಂದು, "ಮೇಡಂ, ಏಳಬ್ಯಾಡ್ರಿ, ಹಂಗ ಮಲಗಿರ್ರಿ" ಅನ್ನುತ್ತಾ ಮುಖಕ್ಕೆ ಮಾಸ್ಕ್ ಕಟ್ಟಿದ. ಮೊದಲರ್ಧದಲ್ಲೇ ಕಾಯಿಲೆ ಜೋರಾಗಿ ಕಂಡರೆ, ಉಳಿದರ್ಧದಲ್ಲಿ ಎಷ್ಟು ಒತ್ತಡದ ಗಾಳಿ ಬೇಕು ಅಂತ ನೋಡುತ್ತಾರೆ. ಇನ್ನೊಂದು ರಾತ್ರಿಯ ಖರ್ಚು ಉಳಿಯಿತು.

ರಿಪೋರ್ಟ್‌ನಲ್ಲಿ ತಾಸಿಗೆ 41 ಅಂತ ಇತ್ತು. ಅಂದರೆ ಗಂಟೆಗೆ 41 ಸಲ ಉಸಿರು ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ನಿಂತಿದೆ, ಇಲ್ಲವೇ ಅರ್ಧಂಬರ್ಧ ಆಗಿದೆ. 5ರ ಒಳಗಿದ್ದರೆ ಸರಿ, 30ಕ್ಕೆ ಹೋದರೆ ತೀವ್ರ. ರಕ್ತದ ಆಕ್ಸಿಜನ್ ಒಮ್ಮೆ ಶೇಕಡಾ 74ಕ್ಕೆ ಇಳಿದಿತ್ತು. ಮೂರನೇ ಪಿರಿಯಡ್‌ಗೇ ಕಣ್ಣು ಎಳೆಯುತ್ತಿದ್ದುದು, ಬೆಳಿಗ್ಗೆಯ ತಲೆನೋವು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುತ್ತಿದ್ದುದು, ಇವೆಲ್ಲ ಒಂದೇ ಗಂಟಿನವು ಅಂತ ಆವತ್ತು ತಿಳಿಯಿತು. ಮುಟ್ಟು ನಿಂತ ವಯಸ್ಸು, ಹೀಗೇ ಇರುತ್ತದೆ ಅಂತ ಎಲ್ಲರೂ ಹೇಳಿದ್ದರು. ನಾನೂ ಒಪ್ಪಿಕೊಂಡಿದ್ದೆ.

ಈಗ ಮಶಿನ್. ಒತ್ತಡ ತಾನೇ ಹೊಂದಿಸಿಕೊಳ್ಳುವ ಆಟೋ ಮಾದರಿ, ಮಾಸ್ಕ್ ಸೇರಿ ನನಗೆ 48,000 ರೂಪಾಯಿ ಬಿತ್ತು. ಬಾಡಿಗೆಗೂ ಸಿಗುತ್ತದೆ. ಮೊದಲು ಒಂದು ತಿಂಗಳು ಬಾಡಿಗೆಗೆ ತಂದು ನೋಡಬೇಕಿತ್ತು ಅಂತ ಈಗ ಅನಿಸುತ್ತದೆ. ಆಕ್ಸಿಜನ್ ಕೊಡುವ ಯಂತ್ರ ಅಲ್ಲ ಇದು. ಕೋಣೆಯ ಗಾಳಿಯನ್ನೇ ಒತ್ತಿ ಕಳಿಸಿ ಗಂಟಲು ಮುಚ್ಚದಂತೆ ಹಿಡಿಯುತ್ತದೆ, ಅಷ್ಟೇ. ಸದ್ದು ಬಹಳ ಕಡಿಮೆ. ಆದರೂ ಮನೆಯವರು ದಿನಾ ರಾತ್ರಿ, "ಮೋಟರ್ ಚಾಲೂ ಆತೇನು?" ಅಂತ ಕೇಳಿಯೇ ಮಲಗುತ್ತಾರೆ. ಪಡಸಾಲೆಯಲ್ಲಿ ಅಲ್ಲ ಈಗ.

ತೊಂದರೆ ಕೊಟ್ಟದ್ದು ಮಾಸ್ಕ್. ಅಂಗಡಿಯವರು ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡದನ್ನು ಕೊಟ್ಟರು. ಅಳತೆ ನೋಡಲಿಲ್ಲ. ರಾತ್ರಿ ಮೂರಕ್ಕೆ ಕಣ್ಣಿಗೆ ಗಾಳಿ ಸೋರುವುದು, ಕುಕ್ಕರ್ ಹಾಗೆ ಸಿಳ್ಳೆ. ಬದಲಿಸಿ ಕೊಡಿ ಅಂದರೆ, "ಬಾಕ್ಸ್ ಒಡದ್ ಮ್ಯಾಲ ಆಗೂದಿಲ್ರಿ ಅಕ್ಕಾರ." ಹೊಸದಾಗಿ ಮೂಗಿನ ಮಾಸ್ಕ್ ಕೊಂಡೆ. ಅದಕ್ಕೆ ಅಡ್ಡ ಬಂದದ್ದು ನನ್ನ ಮೂಗುತಿ. ಮಾಸ್ಕ್‌ನ ಅಂಚು ಸರಿಯಾಗಿ ಅದರ ಮೇಲೆ ಕೂರುತ್ತದೆ, ಅಲ್ಲೇ ಸೋರುತ್ತದೆ. ರಾತ್ರಿ ತೆಗೆದಿಡುತ್ತೇನೆ ಅಂದರೆ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ಬರೀ ಹೊಳ್ಳೆಗೆ ಕೂರುವ ಸಣ್ಣ ಮಾಸ್ಕ್ ಸಿಕ್ಕಿತು. ಮೂಗುತಿಯೂ ಉಳಿಯಿತು, ಅತ್ತೆಯ ಮಾತೂ ಬಂತು. ಮಾಸ್ಕ್ ತಯಾರಿಸುವವರು ನಮ್ಮ ಕಡೆಯ ಹೆಣ್ಣುಮಕ್ಕಳ ಮುಖ ಒಮ್ಮೆಯಾದರೂ ನೋಡಿದ್ದಾರೋ ಇಲ್ಲವೋ. ಇನ್ನೂ ಇದೆ: ತುರುಬು ಕಟ್ಟಿದರೆ ಪಟ್ಟಿ ಜಾರುತ್ತದೆ, ಸಡಿಲ ಜಡೆ ಹೆಣೆದು ಮಲಗಿ. ಮುಖದ ಎಣ್ಣೆಯಂಶ ಹತ್ತಿದರೆ ಸಿಲಿಕೋನ್ ಮೆತ್ತೆ ಬೇಗ ಕೆಡುತ್ತದೆ, ಮಲಗುವ ಮುಂಚೆ ಮುಖ ತೊಳೆಯಿರಿ, ಬೆಳಿಗ್ಗೆ ಮೆತ್ತೆ ತೊಳೆಯಿರಿ.

ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ಗೆ ನಳದ ನೀರು ಹಾಕಿದ್ದು ನನ್ನದೇ ತಪ್ಪು. ಎರಡು ವಾರಕ್ಕೆ ತಳದಲ್ಲಿ ಬಿಳಿ ಪದರ. ಈಗ ಡಿಸ್ಟಿಲ್ಡ್ ನೀರು ಮಾತ್ರ. ನಮ್ಮಲ್ಲಿ ಧೂಳು ಜಾಸ್ತಿ, ಫಿಲ್ಟರ್ ಬೇಗ ಕಪ್ಪಾಗುತ್ತದೆ. ಕರೆಂಟ್ ಹೋದರೆ ಮಶಿನ್ ನಿಲ್ಲುತ್ತದೆ, ಇನ್ವರ್ಟರ್ ಬೇಕೇಬೇಕು. ನೀರು ಬಿಸಿ ಮಾಡುವುದನ್ನು ಬಂದ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಐದು ವಾರ ಹೀಗೆ ಮಲಗಿ ಕಲಿತ ಮೇಲೆ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು. ಮಶಿನ್ ಜೊತೆಗೇ ತನ್ನಿ ಅಂದಿದ್ದರು, ಒಯ್ದಿದ್ದೆ. ಆದರೆ ರಾತ್ರಿ ಪಾಳಿಗೆ ಬಂದ ಸಿಸ್ಟರ್‌ಗೆ ಇದರ ಪರಿಚಯವೇ ಇರಲಿಲ್ಲ. ಆಕ್ಸಿಜನ್ ನಳಿಕೆ ಹಾಕಿದ್ದೇವಲ್ಲ, ಸಾಕು ಅಂದರು. ಸಾಲದು. ದಾರಿಯೇ ಮುಚ್ಚಿದರೆ ಆಕ್ಸಿಜನ್ ಎಲ್ಲಿಂದ ಒಳಗೆ ಹೋಗಬೇಕು? ಮಗಳು ಜಗಳ ಮಾಡಿ, ಡಾಕ್ಟರ್‌ಗೆ ಫೋನ್ ಹಚ್ಚಿಸಿ, ತಾನೇ ಮಾಸ್ಕ್ ಕಟ್ಟಿದಳು. ನಿಮ್ಮ ಜೊತೆ ಇರುವವರಿಗೂ ಮಾಸ್ಕ್ ಕಟ್ಟಲು ಮೊದಲೇ ಕಲಿಸಿ. ಆ ಹೊತ್ತಿನಲ್ಲಿ ನಿಮ್ಮ ಕೈ ಕೇಳುವುದಿಲ್ಲ.

ಕಾಲು ವಾಸಿಯಾದ ಮೇಲೆ ಮಶಿನ್ ಮಾರಿಬಿಡುವ ಲೆಕ್ಕ ಇತ್ತು. ಒಂದು ರಾತ್ರಿ ಸುಮ್ನೆ ಬಿಟ್ಟು ಮಲಗಿ ನೋಡಿದೆ. ಬೆಳಿಗ್ಗೆ ಅದೇ ತಲೆನೋವು. ಬನಶಂಕರಿ ಜಾತ್ರೆಗೆ ಹೋದಾಗಲೂ ಒಯ್ದೆ, ನಂಟರ ಮನೆಯ ಮಕ್ಕಳೆಲ್ಲ ಸುತ್ತ ಕೂತು ನೋಡಿದರು. ಈಗ ಮಶಿನ್ ತೋರಿಸುವ ಲೆಕ್ಕ ತಾಸಿಗೆ 2, 3. ಬಚ್ಚಲಿಗೆ ಏಳುವುದು ಒಂದೇ ಸಲ. ತೂಕ ಇಳಿದಿಲ್ಲ, ಬಿಪಿ ಮಾತ್ರೆಯೂ ಅಷ್ಟೇ ಇದೆ. ಅದನ್ನೂ ಹೇಳಬೇಕಲ್ವಾ.

ಮುಂದಿನ ತಿಂಗಳು ಎಡ ಮೊಣಕಾಲು. ಚೀಲ ತುಂಬಿಟ್ಟಿದ್ದೇನೆ. ಈ ಸಲ ಎಕ್ಸ್‌ಟೆನ್ಷನ್ ಬೋರ್ಡೂ ಇದೆ, ಹೋದ ಸಲ ಪ್ಲಗ್ ಮಂಚದಿಂದ ದೂರ ಇತ್ತು.