ಯುವಜನರ ವಿಶ್ವಾಸಕ್ಕೆ ಹನ್ನೆರಡು ವಾರ: ಒಂದು ತರಬೇತಿಯ ವಿಮರ್ಶೆ

ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಾಲೇಜಿಗೆ ಸೇರಿದ ಒಂದೆರಡು ವರ್ಷಗಳಲ್ಲಿ ಆರಾಧನೆಯಿಂದ ಸದ್ದಿಲ್ಲದೆ ದೂರ ಸರಿಯುವುದನ್ನು ಕಂಡು ಕಳವಳಗೊಂಡ ತಂದೆತಾಯಂದಿರಿಗೂ ಯೌವನಸ್ಥರ ಕೂಟಗಳನ್ನು ನಡೆಸುವವರಿಗೂ ಈಗ ಬಗೆಬಗೆಯ ತರಬೇತಿಗಳು ಸಿಗುತ್ತವೆ. ಅಂಥ ಒಂದು ತರಬೇತಿಯಲ್ಲಿ ನಾನು ಈಚೆಗೆ ಸಹಾಯಕನಾಗಿ ಮೊದಲ ದಿನದಿಂದ ಕೊನೆಯ ದಿನದವರೆಗೂ ಕುಳಿತಿದ್ದೆ. ನನ್ನ ಮಗಳೂ ಅದೇ ಗುಂಪಿನಲ್ಲಿದ್ದಳು. ಹದಿನಾರರಿಂದ ಇಪ್ಪತ್ತರ ವಯಸ್ಸಿನವರಿಗಾಗಿ ರೂಪಿಸಿದ ಈ ಹನ್ನೆರಡು ವಾರಗಳ ಕಾರ್ಯಕ್ರಮದಲ್ಲಿ ವಾರಕ್ಕೊಂದು ವಿಡಿಯೊ ಪಾಠ, ಅದರ ಬೆನ್ನಿಗೆ ಗುಂಪು ಚರ್ಚೆ, ನಡೆಸುವವರಿಗೊಂದು ದಪ್ಪ ಕೈಪಿಡಿ, ಮಕ್ಕಳ ಫೋನಿಗೊಂದು ಆ್ಯಪ್, ಇವುಗಳ ಜೊತೆಗೆ ಪ್ರತಿಯೊಬ್ಬರಿಗೂ ಸಭೆಯ ಹಿರಿಯರೊಬ್ಬರ ಒಡನಾಟ ಸೇರಿವೆ. ತರಬೇತಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಅದರ ಗುಣದೋಷಗಳು ಅದೊಂದಕ್ಕೇ ಸೀಮಿತವಾದವು ಎಂದು ನನಗೆ ಅನಿಸುವುದಿಲ್ಲ.

ಮೊದಲ ವಾರದ ಪಾಠ ಕೆಳಕ್ಕೆ ಇಳಿಯುವ ಒಂದು ಗೆರೆಯಿಂದ ಆರಂಭವಾಗುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳ ಪ್ರಕಾರ ಆ ದೇಶದ ವಯಸ್ಕರಲ್ಲಿ ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳುವವರು 2007ರಲ್ಲಿ ಶೇಕಡಾ 78ರಷ್ಟಿದ್ದರು, 2014ರಲ್ಲಿ ಸುಮಾರು 71ಕ್ಕೆ ಇಳಿದರು, 2023–24ರ ಹೊತ್ತಿಗೆ 62ಕ್ಕೆ ಬಂದರು. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಈಚಿನ ಕೆಲವು ವರ್ಷಗಳಲ್ಲಿ ಈ ಇಳಿತ ನಿಧಾನಗೊಂಡಿದೆ, ಬಹುಶಃ ನಿಂತೇ ಇದೆ ಎಂದು ಅದೇ ಸಂಸ್ಥೆ ಅದೇ ಸಮೀಕ್ಷೆಯಲ್ಲಿ ಹೇಳಿರುವುದನ್ನು ಪಾಠ ಬಿಟ್ಟುಬಿಡುತ್ತದೆ. ದೊಡ್ಡವರನ್ನು ಎಚ್ಚರಿಸಲು ಈ ಗೆರೆ ಉಪಯೋಗಕ್ಕೆ ಬರಬಹುದು. ಹದಿನೇಳರ ಹುಡುಗಿಗೆ ಮಾತ್ರ ಅದು ತಾನು ಮುಳುಗುವ ದೋಣಿಯಲ್ಲಿ ಕೂತಿದ್ದೇನೆಂದು ಹೇಳಿದಂತಾಗುತ್ತದೆ. ಹೆದರಿಸಿ ಉಳಿಸಿಕೊಂಡವರು ಎಷ್ಟು ದಿನ ಉಳಿದಾರು ಎಂಬ ಪ್ರಶ್ನೆ ನನಗೆ ಅಲ್ಲಿಂದಲೇ ಶುರುವಾಯಿತು.

ಎರಡನೆಯ ವಾರದ ಪಾಠ ಇದಕ್ಕಿಂತ ಎಷ್ಟೋ ಪ್ರೌಢವಾಗಿದೆ. ಸೆಕ್ಯುಲರ್ ಎಂಬ ಮಾತನ್ನು ಧರ್ಮನಿರಪೇಕ್ಷ ಎಂದು ಹೇಳಿ ಮುಗಿಸುವುದು ನಮಗೆ ರೂಢಿ. ಆದರೆ ಸರ್ಕಾರ ಯಾವ ಧರ್ಮದ ಪಕ್ಷವನ್ನೂ ವಹಿಸದಿರುವುದು ಬೇರೆ, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ದೇವರ ನೆನಪೇ ಬಾರದೆ ಬದುಕು ಸರಾಗವಾಗಿ ನಡೆದುಹೋಗುವುದು ಬೇರೆ ಎಂಬ ವ್ಯತ್ಯಾಸವನ್ನು ಪಾಠ ತಾಳ್ಮೆಯಿಂದ ಬಿಡಿಸುತ್ತದೆ. ಪಶ್ಚಿಮದ ಸಮಾಜದಲ್ಲಿ 1500ರ ಸುಮಾರಿಗೆ ದೇವರನ್ನು ನಂಬದಿರುವುದು ಹೆಚ್ಚುಕಡಿಮೆ ಅಸಾಧ್ಯವಾಗಿದ್ದು, 2000ದ ಹೊತ್ತಿಗೆ ನಂಬದಿರುವುದು ಅನೇಕರಿಗೆ ಸುಲಭವಾದದ್ದು ಹೇಗೆ ಎಂದು ಕೆನಡಾದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ 2007ರಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದಾರೆ. ಕ್ರೈಸ್ತ ಮಕ್ಕಳನ್ನು ಯಾರೋ ಶತ್ರು ಬಂದು ಕಿತ್ತುಕೊಂಡು ಹೋಗುತ್ತಿಲ್ಲ, ವಿಶ್ವಾಸವು ಹಲವು ಆಯ್ಕೆಗಳಲ್ಲಿ ಒಂದಾಗಿ ಅವರ ಮುಂದೆ ನಿಂತಿದೆ ಎಂಬ ತಿಳಿವಳಿಕೆ ಗುಂಪಿನಲ್ಲಿದ್ದ ಬಿಗುವನ್ನು ಸಡಿಲಿಸಿತು.

ಇಡೀ ತರಬೇತಿಯ ಅತ್ಯುತ್ತಮ ಪಾಠ ಮೂರನೆಯದು, ಸತ್ಯವೇದದ, ಅಂದರೆ ಬೈಬಲಿನ, ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯ. ಸಿಂಹಗಳ ಗವಿಯ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನೂರು ಸಲ ಕೇಳಿದ ಮಕ್ಕಳಿಗೆ, ಅದಕ್ಕೂ ಬಹಳ ಮುಂಚೆ ಬಾಬಿಲೋನಿನ ಅರಮನೆಯಲ್ಲಿ ನಡೆದ ಒಂದು ಸಣ್ಣ ಲೆಕ್ಕಾಚಾರವನ್ನು ತೋರಿಸುತ್ತಾರೆ. ಸೆರೆಯಾಗಿ ಅಲ್ಲಿಗೆ ಬಂದ ಯೆಹೂದಿ ಯುವಕ ದಾನಿಯೇಲ, ಬಾಬಿಲೋನನ್ನು ಆಳುತ್ತಿದ್ದ ಕಸ್ದೀಯರ ಭಾಷೆಯನ್ನು ಕಲಿತ, ಅವರ ಸಾಹಿತ್ಯವನ್ನು ಓದಿದ, ಅನ್ಯದೇವರ ಹೆಸರು ಬೆರೆತ ಬೇಲ್ತೆಶಚ್ಚರ ಎಂಬ ಹೊಸ ಹೆಸರಿನಿಂದ ಕರೆಸಿಕೊಂಡ, ಅರಸನ ಆಸ್ಥಾನದಲ್ಲಿ ಕೆಲಸವನ್ನೂ ಒಪ್ಪಿಕೊಂಡ. ಅರಸನ ಭೋಜನದ ವಿಷಯ ಬಂದಾಗ ಮಾತ್ರ ಗೆರೆ ಎಳೆದ, ಅದನ್ನೂ ಜಗಳವಾಡಿ ಎಳೆಯದೆ, ಹತ್ತು ದಿನ ಪರೀಕ್ಷಿಸಿ ನೋಡಿ ಎಂದು ಮೇಲ್ವಿಚಾರಕನನ್ನು ವಿನಯದಿಂದ ಕೇಳಿಕೊಂಡು ಎಳೆದ. ಯಾವುದನ್ನು ಕಲಿಯಬಹುದು, ಯಾವುದನ್ನು ಸಹಿಸಬಹುದು, ಯಾವುದಕ್ಕೆ ಒಲ್ಲೆ ಎನ್ನಬೇಕು ಎಂದು ಮೂರು ಕಾಲಮ್ ಎಳೆದ ಹಾಳೆಯನ್ನು ಪ್ರತಿಯೊಬ್ಬರಿಗೂ ಕೊಟ್ಟರು. ನನ್ನ ಮಗಳು ಮೊದಲ ಕಾಲಮ್ಮನ್ನು ಬೇಗ ತುಂಬಿಸಿ, ಮೂರನೆಯದರಲ್ಲಿ ಒಂದು ಪದ ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಎರಡನೆಯದರಲ್ಲಿ ಬರೆದು, ಹಾಳೆಯನ್ನು ಮಡಚಿ ಇಟ್ಟುಕೊಂಡಳು. ಏನು ಬರೆದೆ ಎಂದು ನಾನು ಕೇಳಲಿಲ್ಲ.

ನಾಲ್ಕನೆಯ ವಾರದಿಂದ ಏಳನೆಯ ವಾರದವರೆಗೆ ಆಕ್ಷೇಪಗಳಿಗೆ ಉತ್ತರ ಕೊಡುವ ಪಾಠಗಳಿವೆ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕೆಂದು ಸತ್ಯವೇದದಲ್ಲಿರುವ ಪೇತ್ರನ ಮೊದಲನೆಯ ಪತ್ರ ಹೇಳುತ್ತದೆ. ಅದನ್ನು ಸಾತ್ವಿಕತ್ವದಿಂದ ಹೇಳಬೇಕೆಂಬ ಮಾತೂ ಅಲ್ಲೇ ಇದೆ. ತರಬೇತಿ ಮೊದಲರ್ಧವನ್ನು ಹಿಡಿದುಕೊಂಡಿದೆ. ವಿಜ್ಞಾನದ ಪಾಠದಲ್ಲಿ, ಬ್ರಹ್ಮಾಂಡ ವಿಸ್ತರಿಸುತ್ತಿದೆ ಎಂದು 1927ರಲ್ಲಿ ಪ್ರಬಂಧ ಬರೆದ ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೈತ್ರ್ ಬರುತ್ತಾರೆ, ಬಟಾಣಿ ಗಿಡಗಳ ಪ್ರಯೋಗವನ್ನು 1866ರಲ್ಲಿ ಪ್ರಕಟಿಸಿದ ಸನ್ಯಾಸಿ ಗ್ರೆಗರ್ ಮೆಂಡೆಲ್ ಬರುತ್ತಾರೆ, ಗೆಲಿಲಿಯೊ ಬರುವುದಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ ಕ್ಯಾಥೊಲಿಕ್ ಸಭೆ 1633ರಲ್ಲಿ ಅವನನ್ನು ವಿಚಾರಣೆಗೆ ಗುರಿಪಡಿಸಿದ ಕಥೆಯನ್ನು ಈ ಮಕ್ಕಳು ಶಾಲೆಯಲ್ಲೇ ಓದಿರುತ್ತಾರೆ. ಆ ವಿಚಾರಣೆ ನಡೆಸಿದವರು ತಪ್ಪಿದ್ದರೆಂದು 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿಕೊಂಡದ್ದನ್ನೂ ಸೇರಿಸಿ ಅದನ್ನು ಸಭೆಯೊಳಗೇ ಹೇಳಿದ್ದರೆ, ತಪ್ಪನ್ನು ಒಪ್ಪಿಕೊಳ್ಳಲು ತಿಳಿದ ಸಮುದಾಯವೊಂದನ್ನು ಮಕ್ಕಳು ಕಾಣುತ್ತಿದ್ದರು.

ಹಸ್ತಪ್ರತಿಗಳ ಪಾಠದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಯಿತು. ಮ್ಯಾಂಚೆಸ್ಟರ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಪಪೈರಸ್ (ಜೊಂಡಿನ ಹಾಳೆ) ತುಣುಕೊಂದರ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಇದು ಯೋಹಾನನ ಸುವಾರ್ತೆಯ ಪ್ರತಿ, ಕ್ರಿ.ಶ. 100ಕ್ಕಿಂತ ಹಿಂದಿನದೆಂಬುದು ನಿಸ್ಸಂಶಯ ಎಂದು ವಿಡಿಯೊ ಹೇಳಿತು. ಅಂಗೈಯಷ್ಟೂ ಇಲ್ಲದ ಆ ತುಣುಕು ನಿಜಕ್ಕೂ ಅಮೂಲ್ಯವಾದದ್ದೇ, ಈವರೆಗೆ ಸಿಕ್ಕಿರುವ ಹೊಸ ಒಡಂಬಡಿಕೆಯ ಅತಿ ಹಳೆಯ ಪ್ರತಿಗಳ ಸಾಲಿಗೆ ಸೇರುವಂಥದ್ದೇ. ಆದರೆ ಅದರ ಕಾಲವನ್ನು ಅಂದಾಜಿಸಿರುವುದು ಅಕ್ಷರದ ಶೈಲಿಯಿಂದ. 1935ರಲ್ಲಿ ಅದನ್ನು ಪ್ರಕಟಿಸಿದವರೇ ಎರಡನೆಯ ಶತಮಾನದ ಮೊದಲರ್ಧ ಎಂದಿದ್ದರು, ಆ ಶತಮಾನದ ಕೊನೆಯವರೆಗೂ ಅದಕ್ಕಿಂತ ಈಚೆಗೂ ಅವಕಾಶ ಬಿಡಬೇಕೆಂದು ನಂತರದ ವಿದ್ವಾಂಸರು ವಾದಿಸಿದ್ದಾರೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಮೇಜಿನ ಕೆಳಗೆ ಫೋನ್ ಹಿಡಿದು ಎರಡು ನಿಮಿಷದಲ್ಲಿ ಇಷ್ಟನ್ನೂ ಓದಿ, ಪಕ್ಕದವನಿಗೆ ತೋರಿಸಿದ. ಫೋನ್ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಆ ಮೇಲೆ ಇಸ್ರೇಲಿನ ಕೈಸರೈಯದಲ್ಲಿ 1961ರಲ್ಲಿ ಸಿಕ್ಕ, ಯೇಸುವಿನ ವಿಚಾರಣೆ ನಡೆಸಿದ ರೋಮಿನ ಅಧಿಪತಿ ಪಿಲಾತನ ಹೆಸರಿರುವ ಶಿಲಾಶಾಸನವನ್ನು ತೋರಿಸಿದಾಗ, ಅದರ ಬಗ್ಗೆ ಯಾರದೂ ತಕರಾರಿಲ್ಲದಿದ್ದರೂ, ಯಾರೂ ತಲೆ ಎತ್ತಲಿಲ್ಲ. ಆ ಪಪೈರಸ್ ತುಣುಕಿನಲ್ಲಿರುವುದು ಯೇಸುವಿನ ವಿಚಾರಣೆಯ ಭಾಗ, ಸತ್ಯವೆಂದರೇನು ಎಂದು ಪಿಲಾತ ಕೇಳುವ ಸಂದರ್ಭ. ಅದನ್ನು ಹಿಡಿದುಕೊಂಡು ಉತ್ಪ್ರೇಕ್ಷೆ ಮಾಡಬಾರದಿತ್ತು.

ಇಲ್ಲಿಗೆ ತರಬೇತಿಯ ಮೂಲ ಊಹೆಯೇ ನನಗೆ ಅನುಮಾನಾಸ್ಪದವಾಗಿ ಕಾಣತೊಡಗಿತು. ವಾದದಲ್ಲಿ ಸೋತವರು ವಿಶ್ವಾಸ ಬಿಡುತ್ತಾರೆ, ಆದ್ದರಿಂದ ವಾದ ಕಲಿಸಬೇಕು ಎಂಬುದು ಕೈಪಿಡಿಯ ನಂಬಿಕೆ. ಎಂಟನೆಯ ವಾರ ಹೆಸರು ಬರೆಯದೆ ಪ್ರಶ್ನೆ ಹಾಕುವ ಪೆಟ್ಟಿಗೆಯನ್ನು ಇಟ್ಟಾಗ ಬಂದ ಚೀಟಿಗಳಲ್ಲಿ ವಿಕಾಸವಾದದ ಬಗ್ಗೆಯಾಗಲಿ ಹಸ್ತಪ್ರತಿಗಳ ಬಗ್ಗೆಯಾಗಲಿ ಒಂದೆರಡರ ಹೊರತು ಇರಲಿಲ್ಲ. ನೋಟ್‌ಬುಕ್ಕಿನ ಮೂಲೆಯನ್ನು ಹರಿದು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದರಲ್ಲಿ, ನಾನು ಪ್ರಾರ್ಥಿಸುವಾಗ ನನ್ನ ದನಿ ನನಗೇ ಕೇಳಿಸುತ್ತದೆ, ಆಚೆ ಕಡೆ ಯಾರಾದರೂ ಇದ್ದಾರೆಯೇ, ಎಂದಿತ್ತು. ತರಬೇತಿ ನಡೆಸುತ್ತಿದ್ದ ಯುವಕ ಅದನ್ನು ಗಟ್ಟಿಯಾಗಿ ಓದಿ, ಕೈಪಿಡಿಯ ವಿಷಯಸೂಚಿಯ ಮೇಲೆ ಬೆರಳಾಡಿಸಿ, ಪುಟ ತಿರುವಿ, ಮತ್ತೆ ವಿಷಯಸೂಚಿಗೆ ಬಂದು, ಕೊನೆಗೆ ಚೀಟಿಯನ್ನು ಉಳಿದವುಗಳ ಅಡಿಗೆ ಸೇರಿಸಲು ಹೊರಟ. ಆಗ ಹಿರಿಯರ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಅದನ್ನು ಇತ್ತ ಕೊಡಪ್ಪ, ಎಂದು ಕೈಚಾಚಿದರು. ಅವರು ಉತ್ತರವನ್ನೇನೂ ಹೇಳಲಿಲ್ಲ. ಸತ್ಯವೇದ ತೆರೆದು 88ನೆಯ ಕೀರ್ತನೆಯನ್ನು ಪೂರ್ತಿ ಓದಿದರು. ಕತ್ತಲೆಯಲ್ಲೇ ಆರಂಭವಾಗಿ ಕತ್ತಲೆ ಎಂಬ ಮಾತಿನಲ್ಲೇ ನಿಲ್ಲುವ, ಕೊನೆಯಲ್ಲಿ ಸ್ತೋತ್ರದ ಒಂದು ಸಾಲೂ ಇಲ್ಲದ ಪ್ರಾರ್ಥನೆ ಅದು. ಯಜಮಾನರು ತೀರಿಕೊಂಡ ಮೇಲೆ ಎರಡು ವರ್ಷ ನನಗೆ ಇದೊಂದನ್ನು ಬಿಟ್ಟು ಬೇರೆ ಪ್ರಾರ್ಥನೆ ಬರುತ್ತಿರಲಿಲ್ಲ, ಎಂದು ಹೇಳಿ ಪುಸ್ತಕ ಮುಚ್ಚಿದರು. ಕೂಟ ಮುಗಿದ ಮೇಲೆ ಇಬ್ಬರು ಹುಡುಗಿಯರು ಅವರ ಕುರ್ಚಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಆ ಹುಡುಗಿಯರು ಅಲ್ಲಿ ನಿಂತದ್ದಕ್ಕೆ ತರಬೇತಿಗೂ ಪಾಲು ಸಲ್ಲಬೇಕು, ಯಾಕೆಂದರೆ ಹಿರಿಯರನ್ನು ಆ ಕೋಣೆಗೆ ಕರೆತಂದದ್ದು ಅದೇ. ದುರದೃಷ್ಟವೆಂದರೆ ತನ್ನ ಕೈಯಲ್ಲಿರುವುದರ ಬೆಲೆ ಅದಕ್ಕೇ ಗೊತ್ತಿಲ್ಲ: ಒಡನಾಟದ ವಿಷಯಕ್ಕೆ ಕೈಪಿಡಿಯ ಅನುಬಂಧದಲ್ಲಿ ಒಂದೂವರೆ ಪುಟ, ತಂದೆತಾಯಂದಿರಿಗೆ ಒಂದೇ ಒಂದು ಸಂಜೆ. ತನ್ನ ಕಿರಿಯ ಸಹಸೇವಕ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಅಪೊಸ್ತಲ ಪೌಲ ಬರೆದದ್ದು ಆ ಒಂದೂವರೆ ಪುಟದಲ್ಲೂ ಇಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರ ಸುಮಾರಿಗೆ ಆರಂಭಿಸಿ ದಶಕಗಳ ಕಾಲ ನಡೆಸಿದ ಅಧ್ಯಯನವೂ ಇಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಹಲವು ತಲೆಮಾರುಗಳನ್ನು ಹಿಂಬಾಲಿಸಿದ ಅವರು, ಧರ್ಮಶ್ರದ್ಧೆ ಮಕ್ಕಳಿಗೆ ದಾಟುವಲ್ಲಿ ಹೆತ್ತವರ ಜೊತೆಗಿನ, ಅದರಲ್ಲೂ ತಂದೆಯ ಜೊತೆಗಿನ, ಸಂಬಂಧದ ಬೆಚ್ಚನೆಯ ಗುಣ ಬಹಳ ಮುಖ್ಯವೆಂದು ಕಂಡುಕೊಂಡರು. ತಂದೆ ಎಷ್ಟೇ ಭಕ್ತನಾಗಿದ್ದರೂ ದೂರದವನಾಗಿದ್ದರೆ ಆ ಭಕ್ತಿ ಮಕ್ಕಳನ್ನು ತಲುಪುವುದು ಕಷ್ಟವೆಂದರು. ಮನೆಯಲ್ಲಿ ಸಂಜೆಯ ಪ್ರಾರ್ಥನೆಯನ್ನು ಹಾಜರಿ ಪುಸ್ತಕದಂತೆ ನಡೆಸಿಕೊಂಡು ಬಂದ ತಂದೆಯಾಗಿ ನಾನು ಇದನ್ನು ಸಮಾಧಾನದಿಂದೇನೂ ಓದಲಿಲ್ಲ.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸತ್ಯವೇದವನ್ನು ಸತತವಾಗಿ ಎಷ್ಟು ದಿನ ಓದಿದಿರಿ ಎಂದು ಲೆಕ್ಕ ಇಡುವ ಅದು, ಒಂದು ದಿನ ತಪ್ಪಿದರೆ ಲೆಕ್ಕವನ್ನು ಸೊನ್ನೆಗೆ ಇಳಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ನನ್ನ ಮಗಳು ಸತ್ಯವೇದದ ಅರಣ್ಯಕಾಂಡದ ಅಧ್ಯಾಯವೊಂದನ್ನು ಹೆಬ್ಬೆರಳಿನಿಂದ ಕೊನೆಯವರೆಗೆ ಸರಸರನೆ ಜಾರಿಸಿ ಹಸಿರು ಗುರುತು ಪಡೆದು ಮಲಗಿದ್ದನ್ನು ನಾನೇ ನೋಡಿದೆ. ಫೋನ್‌ಗಳು ನಮ್ಮ ಗಮನವನ್ನು ಇಂಥ ಲೆಕ್ಕಗಳ ಆಸೆ ತೋರಿಸಿಯೇ ಕಟ್ಟಿಹಾಕುತ್ತವೆ ಎಂದು ಹತ್ತನೆಯ ವಾರದ ಪಾಠ ಚೆನ್ನಾಗಿ ವಿವರಿಸುತ್ತದೆ. ಆ ಪಾಠವನ್ನು ಬರೆದವರು ಆ್ಯಪ್ ಮಾಡಿದವರ ಜೊತೆ ಒಮ್ಮೆ ಕೂತು ಮಾತಾಡಿದ್ದರೆ ಚೆನ್ನಾಗಿತ್ತು. ವಿಡಿಯೊಗಳ ಗುಣಮಟ್ಟ ಒಳ್ಳೆಯದು, ಧ್ವನಿ ಸ್ಪಷ್ಟ, ಹಾಡುಗಳು ಮಾತ್ರ ಎಲ್ಲವೂ ಒಂದೇ ಧಾಟಿಯವು.

ಯೌವನಸ್ಥರಿಗಾಗಿ ಏನೂ ನಡೆಯದ ಸಭೆಗೆ ಇಷ್ಟು ದೋಷಗಳ ನಡುವೆಯೂ ಈ ತರಬೇತಿಯನ್ನು ಸೂಚಿಸುತ್ತೇನೆ, ಕೈಪಿಡಿಯ ಪುಟಗಳಿಗೆ ಕಟ್ಟುಬೀಳದೆ ಇರಬಲ್ಲವರು ನಡೆಸುವುದಾದರೆ. ಉತ್ತರ ಬರೆದು ಪ್ರಮಾಣಪತ್ರ ಪಡೆದರೆ ಮಕ್ಕಳು ಭದ್ರವಾದರು ಎಂದುಕೊಳ್ಳುವ ಸಭೆಗೆ ಸೂಚಿಸುವುದಿಲ್ಲ. ನಮ್ಮಲ್ಲಿ ಎರಡನೆಯ ತಂಡ ಸದ್ಯದಲ್ಲೇ ಶುರುವಾಗಲಿದೆ. ಮೊದಲ ವಾರದ ಗೆರೆಯನ್ನು ಕೈಬಿಟ್ಟು, ಗೆಲಿಲಿಯೊನನ್ನು ಸೇರಿಸಿ, ಆ್ಯಪ್ ಬೇಕಾದವರು ಇಟ್ಟುಕೊಳ್ಳಲಿ ಎಂದು ತೀರ್ಮಾನಿಸಿದ್ದೇವೆ. ಪ್ರಶ್ನೆಯ ಪೆಟ್ಟಿಗೆ ಎಂಟನೆಯ ವಾರದ ಬದಲು ಮೊದಲ ದಿನವೇ ಮೇಜಿನ ಮೇಲಿರುತ್ತದೆ. ಹಸ್ತಪ್ರತಿಗಳ ಪಾಠವನ್ನು ಈ ಸಲ ಸಿದ್ಧಪಡಿಸುತ್ತಿರುವವನು ಹಿಂದಿನ ಸಾಲಿನಲ್ಲಿ ಫೋನ್ ಹಿಡಿದು ಕೂತಿದ್ದ ಆ ಹುಡುಗ. ಖಚಿತವಾಗಿ ಗೊತ್ತಿರುವುದು, ಅಂದಾಜು ಮಾಡಿರುವುದು ಎಂದು ಎರಡು ಪಟ್ಟಿ ಮಾಡಿಕೊಂಡು ಬಂದು, ಎರಡನೆಯದನ್ನು ಮೊದಲು ಓದಬಹುದೇ ಎಂದು ಕೇಳಿದ್ದಾನೆ.