ಗಾಣದ ಶೇಂಗಾ ಎಣ್ಣೆಯೋ, ರಿಫೈಂಡ್ ಎಣ್ಣೆಯೋ?

ಎಣ್ಣೆ ನಗರವೆಂದೇ ಹೆಸರಾದ ಚಳ್ಳಕೆರೆ ಹತ್ತಿರದಲ್ಲಿರುವುದರಿಂದ, ಚಿತ್ರದುರ್ಗದ ಗ್ರಾಹಕರಿಗೆ ಈ ಎರಡೂ ಬಗೆಯ ಎಣ್ಣೆ ಸುಲಭವಾಗಿ ದೊರೆಯುತ್ತವೆ.

ರಿಫೈಂಡ್ ಎಣ್ಣೆ ಬೇಗ ಕಮಟಾಗದಿರಲೆಂದು ಹಲವು ತಯಾರಕರು ಟಿಬಿಎಚ್‌ಕ್ಯೂ ಎಂಬ ಸಂರಕ್ಷಕವನ್ನು ಬೆರೆಸುತ್ತಾರೆ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅದು ಕಿಲೋಗೆ 200 ಮಿಲಿಗ್ರಾಂ ಮೀರುವಂತಿಲ್ಲ. ಲೇಬಲ್ಲಿನಲ್ಲಿ 319 ಎಂಬ ಸಂಖ್ಯೆ ಕಂಡರೆ ಅದೇ ಇದು. ಗಾಣದ ಎಣ್ಣೆಗೆ ಸಾಮಾನ್ಯವಾಗಿ ಇದನ್ನು ಸೇರಿಸುವುದಿಲ್ಲ. ಘಮ ಉಳಿಯುತ್ತದೆ, ಬಾಳಿಕೆ ಕಡಿಮೆ.

ಆದರೆ ಏನನ್ನೂ ಬೆರೆಸಿಲ್ಲವೆಂದ ಮಾತ್ರಕ್ಕೆ ಗಾಣದ ಎಣ್ಣೆ ನಿರಪಾಯಕಾರಿ ಎಂದು ನಂಬುವುದು ತಪ್ಪು. ತೇವದಲ್ಲಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿದಾಗ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ರಿಫೈನಿಂಗ್‌ನಲ್ಲಿ ಬಹುಮಟ್ಟಿಗೆ ಹೋಗುತ್ತದೆ. ಬರೀ ಸೋಸಿದ ಎಣ್ಣೆಯಲ್ಲಿ ಉಳಿಯಬಹುದು. ಆದ್ದರಿಂದ ಗಾಣದವರು ಕಾಳನ್ನು ಆರಿಸಿ ಹಾಕುತ್ತಾರೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಲೇಸು. 2011ರ ನಿಯಮಗಳು ಅಡುಗೆ ಎಣ್ಣೆಯ ಬಿಡಿ ಮಾರಾಟವನ್ನು ನಿರ್ಬಂಧಿಸಿವೆಯಾದ್ದರಿಂದ, ಮುಚ್ಚಳ ಭದ್ರವಾಗಿರುವ, 14 ಅಂಕಿಗಳ ಪರವಾನಗಿ ಸಂಖ್ಯೆ ಇರುವ ಬಾಟಲಿಯನ್ನೇ ಕೇಳಬೇಕು.

ನನ್ನ ಮಟ್ಟಿಗೆ, ಒಗ್ಗರಣೆಗೂ ಚಟ್ನಿಪುಡಿಗೂ ನಂಬಿಕಸ್ತ ಗಾಣದ ಎಣ್ಣೆಯೇ ಸರಿ (ಘಮವಿಲ್ಲದ ಎಣ್ಣೆಯಲ್ಲಿ ಚಟ್ನಿಪುಡಿ ಕಲಸಿದರೆ ಏನು ಸುಖ!); ಮಂಡಕ್ಕಿಗೆ ಮಿರ್ಚಿ ಕರಿಯುವಾಗ ರಿಫೈಂಡ್ ಸಾಕು. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶಗಳು, ಶೇ. 25 ದಾಟಿದರೆ ಅದನ್ನು ಬಳಸಬಾರದೆಂಬ ನಿಯಮ 2018ರಿಂದ ಹೋಟೆಲುಗಳಿಗಿದೆ. ಮನೆಯಲ್ಲಿ ಅಳೆಯುವ ಸಾಧನವಿರದ ಕಾರಣ, ಎಣ್ಣೆ ಕಪ್ಪಾಗಿ ನೊರೆ ಬಂದೊಡನೆ ಚೆಲ್ಲಬೇಕು.