ಸೋಲಾರ್ ಲೈಟು, ಹೊಲಿಗೆ ಮೋಟರು, ಡ್ರೈಯರು: ಮನೆಗೆ ದುಡ್ಡು ತಂದದ್ದು ಯಾವುದು?

ಶಿರಸಿ ಕಡೆ ಸೋಲಾರ್ ಅಂದರೆ ಈಗ ಎಲ್ಲರ ಬಾಯಲ್ಲೂ ಚಾವಣಿ ಪ್ಯಾನೆಲ್ ಮತ್ತು ಸಬ್ಸಿಡಿ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಿಗುತ್ತದೆ, ನಿಜ. ಆದರೆ ಕೂಲಿ ಮಾಡುವವರ ಮನೆಯಲ್ಲಿ ಕರೆಂಟ್ ಉರಿಯುವುದೇ ಕಡಿಮೆ, ಅದೂ ಗೃಹಜ್ಯೋತಿಯಲ್ಲಿ ಪುಕ್ಕಟೆ. ಇನ್ನು ಉಳಿಸುವುದು ಏನನ್ನು? ಮೇಲಾಗಿ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಪ್ಯಾನೆಲ್ ಆದರೆ, ಮರ ಬಿದ್ದು ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಅದನ್ನು ಮಾಡಿರುವುದೇ ಹಾಗೆ. ಹಾಗಾಗಿ ಅದನ್ನು ಬಿಟ್ಟು, ನಮ್ಮ ಮಹಿಳಾ ಸಂಘದಲ್ಲಿ ಬಳಸಿ ನೋಡಿದ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ.

ಬ್ಯಾಟರಿ ಇರುವ ಲೈಟಿನ ಕಿಟ್ ಮಳೆಗಾಲಕ್ಕೆ ಬೇಕೇ ಬೇಕು. ದುಡ್ಡಿನ ಲೆಕ್ಕದಲ್ಲಿ ಮಾತ್ರ ಅಷ್ಟಕ್ಕಷ್ಟೇ. ಕೊಯ್ಲಿನ ಕಾಲದಲ್ಲಿ ಕರೆಂಟ್ ಹೋದರೂ ರಾತ್ರಿ ಕೂತು ಅಡಿಕೆ ಸುಲಿಯಬಹುದು, ಸುಲಿದಷ್ಟಕ್ಕೆ ಕೂಲಿ. ಉಳಿದಂತೆ ಬ್ಯಾಟರಿಗೆ ನೀರು ಹಾಕುವುದು, ಹಳೆಯದಾದ ಮೇಲೆ ಬದಲಿಸುವುದು, ಎಲ್ಲ ಖರ್ಚೇ.

ಹೊಲಿಗೆ ಯಂತ್ರಕ್ಕೆ ಸೋಲಾರ್ ಮೋಟರ್ ಕೂರಿಸಿದ್ದು ಬೇರೆ ಕಥೆ. ಕಾಲಿನಲ್ಲಿ ತುಳಿಯುವುದು ತಪ್ಪಿತು, ಸೊಂಟ ನೋವು ಕಡಿಮೆಯಾಯಿತು, ಬಟ್ಟೆ ಜಾಸ್ತಿ ಹೊಲಿದರು. ಆದರೆ ಊರಲ್ಲಿ ಹೊಲಿಸುವವರೇನು ಜಾಸ್ತಿ ಆಗಲಿಲ್ಲ! ಶಾಲೆ ಯೂನಿಫಾರ್ಮ್, ಮದುವೆ ಸೀಸನ್ ಬಿಟ್ಟರೆ ಮೋಟರ್ ಸುಮ್ನೆ ಕೂತಿರುತ್ತದೆ. ಪೇಟೆಯ ಅಂಗಡಿಯಿಂದ ಕೆಲಸ ತರುವವರಿಗೆ ಮಾತ್ರ ಇದು ಸರಿ.

ನನ್ನ ಓಟು ಡ್ರೈಯರ್‌ಗೆ. ಪೈಪಿನ ಚೌಕಟ್ಟು, ಮೇಲೆ ಯುವಿ ಶೀಟು (ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್ ಹಾಳೆ), ಒಳಗೆ ತಟ್ಟೆಗಳು, ಹಸಿ ಗಾಳಿ ಹೊರಗೆ ಎಳೆಯಲು ಸಣ್ಣ ಪ್ಯಾನೆಲ್‌ನಿಂದ ಓಡುವ ಫ್ಯಾನು, ಇಷ್ಟೇ. ನಮ್ಮ ಮುರುಗಲು (ಕೋಕಂ, ಇದರ ಸಿಪ್ಪೆ ಒಣಗಿಸಿ ಮಾರುತ್ತೇವೆ) ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಸರಿಯಾಗಿ ಅದೇ ಹೊತ್ತಿಗೆ ಗುಡುಗು ಮಳೆಯೂ ಶುರು. ಅಂಗಳದಲ್ಲಿ ಹರವಿದ ಸಿಪ್ಪೆ ಎರಡು ಸಲ ನೆನೆದರೆ ಬೂಸ್ಟು ಹಿಡಿಯುತ್ತದೆ, ಆಮೇಲೆ ವ್ಯಾಪಾರಿ ಹೇಳಿದ್ದೇ ರೇಟು. ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ. ಡ್ರೈಯರ್‌ನಲ್ಲಿ ಸಿಪ್ಪೆಯ ಕೆಂಪು ಬಣ್ಣ ಉಳಿಯಿತು, ಧೂಳಿಲ್ಲ, ಹಲಸಿನ ಹಪ್ಪಳಕ್ಕೆ ಮಂಗಗಳ ಕಾಟವೂ ಇಲ್ಲ (ಕೋಲು ಹಿಡಿದು ಕಾಯಲು ಒಬ್ಬರು ಬೇಕಿತ್ತು, ಅದೂ ಕೂಲಿಯೇ ಅಲ್ವಾ?). ಮಾಲು ಚೆನ್ನಾಗಿದೆ ಅಂದಾಗ ಒಂದೆರಡು ವಾರ ಇಟ್ಟುಕೊಂಡು ರೇಟು ಕೇಳುವ ಧೈರ್ಯ ಬಂತು. ನಿಜವಾದ ಲಾಭ ಅಲ್ಲೇ.

ಆದರೆ ಜುಲೈ ತಿಂಗಳ ಜಡಿಮಳೆಗೆ ಇದು ಕೆಲಸಕ್ಕೆ ಬಾರದು, ಬಿಸಿಲೇ ಇಲ್ಲದೆ ಏನು ಒಣಗುತ್ತದೆ? ದುಡ್ಡು ಬರುವುದು ಸೀಸನ್‌ನಲ್ಲಿ, ಸಾಲದ ಕಂತು ಪ್ರತಿ ತಿಂಗಳು. ಸಾಲ ತೆಗೆಯುವ ಮೊದಲೇ ಬ್ಯಾಂಕಿನವರ ಹತ್ತಿರ ಕೂತು ಬೇಸಿಗೆಯಲ್ಲಿ ದೊಡ್ಡ ಕಂತು, ಮಳೆಗಾಲದಲ್ಲಿ ಸಣ್ಣದು ಅಂತ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಒಬ್ಬರೇ ತೆಗೆದುಕೊಳ್ಳಬೇಡಿ, ಸಂಘದಿಂದಲೇ ತೆಗೆದುಕೊಳ್ಳಿ. ಶೀಟು ಬದಲಿಸುವ ದುಡ್ಡನ್ನು ಲಾಭ ಹಂಚುವ ಮುಂಚೆಯೇ ಎತ್ತಿಡಿ.